ಎಂತದೋ ಒಂದು

ಥಿಂಗಮಜಿಗ್. ಬಸ್ಸು ಶಿಕಾರಿಪುರ ಬಿಟ್ಟಾಗಿನಿಂದ ಆ ಪದ ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ ಗುರುಪ್ರಕಾಶನನ್ನು ಕಾಡುತ್ತಿತ್ತು. ನಾಲಿಗೆಯಿಂದ ಎಷ್ಟು ತಳ್ಳಿದರೂ ಹೊರಗೆ ಬರಲಿಲ್ಲ, ಒಳಗೂ ಇಳಿಯಲಿಲ್ಲ. ತೊಡೆಯ ಮೇಲಿನ ಚೀಲದಲ್ಲಿ ತರಬೇತಿಯ ಕೈಪಿಡಿ ಇತ್ತು. ಸೊರಬದಲ್ಲಿ ಹೈಸ್ಕೂಲು ಇಂಗ್ಲಿಷ್ ಮೇಷ್ಟರುಗಳಿಗೆ ಒಂದು ದಿನದ ತರಬೇತಿ. ಪಾಠ ಮಾಡಬೇಕಾದವನು ಇವನು, ಶಿಕಾರಿಪುರದ ಪಿಯು ಕಾಲೇಜೊಂದರ ಇಂಗ್ಲಿಷ್ ಉಪನ್ಯಾಸಕ. ವಿಷಯವನ್ನು ಯಾವನೋ ಪುಣ್ಯಾತ್ಮ ಎಲ್ಲೋ ಎಸಿ ಕೋಣೆಯಲ್ಲಿ ಕೂತು ಆರಿಸಿದ್ದ: ಹೆಸರು ನೆನಪಾಗದ, ಅಥವಾ ಹೆಸರು ಹೇಳಬೇಕೆನಿಸದ ವಸ್ತುಗಳಿಗೆ ದಿನಬಳಕೆಯ ಇಂಗ್ಲಿಷಿನಲ್ಲಿ ಬಳಸುವ ಮಾತುಗಳು. ಥಿಂಗ್, ಸ್ಟಫ್, ಥಿಂಗೀ, ವಾಟ್ಸಿಟ್, ಕೊನೆಗೆ ಈ ಥಿಂಗಮಜಿಗ್. ಇಂಗ್ಲಿಷಿನವರು ತಮ್ಮ ಮನೆಯ ಕಸ ಗುಡಿಸಿ ಪೊಟ್ಟಣ ಕಟ್ಟಿ ಸೊರಬಕ್ಕೆ ಕಳಿಸಿದ್ದಾರೆ, ಅದನ್ನು ಹಂಚಲು ತಾನು ಬಸ್ ಹತ್ತಿದ್ದೇನೆ ಎಂದುಕೊಂಡ. ಜೀವಮಾನವಿಡೀ ಹುಡುಗರ ಉತ್ತರಪತ್ರಿಕೆಗಳಲ್ಲಿ ಥಿಂಗ್ ಎಂಬ ಪದ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದವನು ಇವನು. ಪಕ್ಕದ ಸೀಟಿನವನು ಫೋನಿನಲ್ಲಿ ಕೂಗುತ್ತಿದ್ದ: "ಅದ್ನ ಅಲ್ಲೇ ಇಡು. ಇದ್ನ ಮಾತ್ರ ಅವ್ನಿಗೆ ಕೊಡು. ಏ, ಅದಲ್ಲಾ, ಅದು!" ಈ ಮನುಷ್ಯನ ಲೋಕದಲ್ಲಿ ಒಂದು ವಸ್ತುವಿಗೂ ಹೆಸರಿಲ್ಲ, ಆದರೂ ಅವನ ಸಂಸಾರ ನಡೆಯುತ್ತಿದೆ ಎಂಬುದು ಗುರುಪ್ರಕಾಶನಿಗೆ ಅವಮಾನದಂತೆ ಕಂಡಿತು. ಕಿಟಕಿಯ ಕಡೆ ಮುಖ ತಿರುಗಿಸಿದ.

ಅವನ ಮನೆಯಲ್ಲೂ ಅದೇ ಗೋಳು. ಹೆಂಡತಿ ರಾಜೇಶ್ವರಮ್ಮ ಸೊರಬದ ಕಡೆಯವಳು, ಅಂದರೆ 'ಎಂತ'ದ ಸೀಮೆಯವಳು. ಅವಳ ತವರಿನಲ್ಲಿ ಹುಟ್ಟುವ ಕೂಸು ಅಮ್ಮ ಅನ್ನುವ ಮೊದಲು ಎಂತ ಅನ್ನುತ್ತದೆ ಎಂದು ಅವನು ನೆಂಟರೆದುರು ತಮಾಷೆ ಮಾಡುತ್ತಿದ್ದ. ನೆಂಟರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಒಲೆಯ ಮುಂದೆ ನಿಂತು, ಕೈಯೆಲ್ಲ ಹಿಟ್ಟು ಮಾಡಿಕೊಂಡು, "ರೀ, ಆ ಎಂತದನ್ನ ಸ್ವಲ್ಪ ಕೊಡಿ" ಎಂದು ತುಟಿಯಲ್ಲಿ ಗೂಡಿನ ಕಡೆ ತೋರಿಸುತ್ತಿದ್ದಳು. ಲಟ್ಟಣಿಗೆ ಬೇಕಾಗಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಬೇಕೆಂತಲೇ ಸೌಟು ಕೊಡುವನು, ಜರಡಿ ಕೊಡುವನು, ಕೊನೆಗೆ ಕೈಕಟ್ಟಿ ನಿಂತು, "ನಾಮಪದ ಹೇಳು" ಎನ್ನುವನು. ಆಮೇಲೆ ಆ ಮನೆಯಲ್ಲಿ ಅದೊಂದು ಕಾನೂನೇ ಆಯಿತು. ಮಗಳು ಶೃತಿ ಊಟಕ್ಕೆ ಕೂತು "ಅದು ಹಾಕಮ್ಮ" ಅಂದರೆ "ನಾಮಪದ." ಹಾಲಿನವನು "ಅವ್ರು ನಾಳಿಂದ ಬ್ಯಾಡ ಅಂದ್ರು" ಅಂದರೆ "ನಾಮಪದ." ಈಗ ಶೃತಿ ಮದುವೆಯಾಗಿ ಹಿರೇಕೆರೂರಿನಲ್ಲಿದ್ದಾಳೆ. ತಾಯಿ ಮಗಳು ಫೋನಿನಲ್ಲಿ ಮಾತಾಡುವುದನ್ನು ಅವನು ಕೋಣೆಯಿಂದ ಕೇಳಿಸಿಕೊಳ್ಳುತ್ತಾನೆ. "ಅದು ಆಯ್ತಾ? ಇವರಿಗೆ ಹೇಳಿದ್ಯಾ? ಹಂಗಾರೆ ಎಂತದೋ ಒಂದು ಮಾಡು." ಅರ್ಧ ಗಂಟೆ ಮಾತಾಡಿದರೂ ಒಂದು ನಾಮಪದ ಇರುವುದಿಲ್ಲ, ಆದರೆ ಇಬ್ಬರಿಗೂ ಎಲ್ಲ ತಿಳಿದಿರುತ್ತದೆ. ಒಮ್ಮೆ ಅವನು ಬಾಗಿಲಿಗೆ ಬಂದು ನಿಂತಾಗ ಅವಳು "ಆಮೇಲೆ ಮಾಡ್ತೀನಿ" ಎಂದು ಫೋನು ಇಟ್ಟಳು. ಇಷ್ಟೆಲ್ಲ ಶಿಸ್ತು ಮಾಡಿದ ಈ ಮಹಾಶಯ ಹೆಂಡತಿಯನ್ನು ಕರೆಯುವುದು ಹೇಗೆ ಅಂದರೆ, "ಏ, ಇವಳೇ." ಅದೂ ಸರ್ವನಾಮವೇ ಎಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಿತು. ಕಡಲೆಕಾಯಿ ಮಾರುವವನು ಹತ್ತಿದ, ಇಳಿದ. ಬಸ್ಸಿನೊಳಗಿನ ಸೆಕೆಗೆ ಅಂಗಿ ಬೆನ್ನಿಗೆ ಅಂಟಿತು. ಆಗ, ಕರೆಯದೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಹೆಂಡತಿ ಕಣ್ಣ ಮುಂದೆ ಬಂದಳು. ಯಾವತ್ತು ಅದು? ಹಬ್ಬಕ್ಕೆ ಮುಂಚೆ ಇರಬೇಕು. ಇವನು ಪೇಪರು ಓದುತ್ತಿದ್ದ. ಅವಳು ಬಂದು ನಿಂತಳು, ಏನೂ ಕೆಲಸವಿಲ್ಲದೆ ನಿಂತಳು, ಬಲಗೈ ಸೆರಗಿನ ಒಳಗಿತ್ತು. "ರೀ, ಇಲ್ಲೊಂದು ಎಂತದೋ ಆದಂಗಿದೆ ಕಣ್ರಿ." ಇವನು ಪೇಪರಿನಿಂದ ತಲೆ ಎತ್ತಲಿಲ್ಲ. "ಎಂತದೋ ಅಂದ್ರೆ?" "ಎಂತದೋ ಒಂದು. ಒಂಥರಾ." "ಒಂಥರಾ ಅಂದ್ರೆ ಯಾವ ಥರ? ವಸ್ತುವೋ, ನೋವೋ, ವಿಚಾರವೋ? ನಾಮಪದ ಹೇಳು." ಅವಳು ಸೆರಗಿನಿಂದ ಕೈ ಹೊರಗೆ ತೆಗೆದಳು. "ಏನಿಲ್ಲ ಬಿಡಿ" ಎಂದು ಒಳಗೆ ಹೋದಳು. ಆವತ್ತು ಅವನಿಗೆ ಗೆದ್ದ ಸಮಾಧಾನ ಇತ್ತು. ಅದೇ ಸಮಾಧಾನದಲ್ಲಿ ಸಂಪಾದಕೀಯ ಓದಿ ಮುಗಿಸಿದ. ಈಗ ಯಾಕೆ ಇದು ನೆನಪಾಗಬೇಕು? ಇವತ್ತು ಬೆಳಿಗ್ಗೆಯೂ ಅವಳು ಹೊರಗೆ ಉಡುವ ಸೀರೆ ಉಟ್ಟಿದ್ದಳು. ಎಲ್ಲಿಗೆ ಅಂದರೆ, "ಇಲ್ಲೇ, ಎಂತದೋ ಕೆಲ್ಸ ಇತ್ತು." ಇವನು ಬುತ್ತಿ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ, "ನಿನ್ನ ಎಂತದೋ ಮೇಲೇ ಇವತ್ತು ಸೊರಬದಲ್ಲಿ ಪಾಠ ಮಾಡ್ತೀನಿ, ನಿಮ್ಮೂರಿನವರಿಗೇ" ಎಂದು ನಕ್ಕಿದ್ದ. ಅವಳು ನಗಲಿಲ್ಲ. ನಗದಿದ್ದುದು ಬಸ್ಸಿನಲ್ಲಿ ಈಗ ಗೊತ್ತಾಯಿತು. ಮೊಳೆ ತುಳಿದವನಿಗೆ ಹತ್ತು ಹೆಜ್ಜೆ ಹೋದ ಮೇಲೆ ನೋವು ಹತ್ತಿದಂತಾಯಿತು. ಅವನು ಕೈಪಿಡಿ ತೆಗೆದು ಓದುವವನಂತೆ ಹಾಳೆ ತಿರುವಿದ.

ಸೊರಬದಲ್ಲಿ ತರಬೇತಿಯ ಕೋಣೆಯ ಬಾಗಿಲಲ್ಲೇ ಮಹಾಂತೇಶ್ ಸಿಕ್ಕ. ತರಬೇತಿ ನಡೆಸುವ ಜವಾಬ್ದಾರಿ ಹೊತ್ತ ಹುಡುಗ, ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ಸದಾ ಗಡಿಬಿಡಿ. "ಬರ್ರಿ ಸಾರ್, ಬರ್ರಿ. ಅದು ತಂದೀರಲ್ಲ? ಕೊಡ್ರಿ, ಅದ್ನ ಇದಕ್ಕೆ ಹಾಕ್ಬೇಕು." ಪೆನ್‌ಡ್ರೈವು, ಪ್ರೊಜೆಕ್ಟರು ಎಂದು ಗುರುಪ್ರಕಾಶ ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಒತ್ತು ಕೊಟ್ಟು ಹೇಳಿದ. ಮಹಾಂತೇಶ್, "ಹ್ಞಾ, ಅದೇ ಸಾರ್" ಎಂದ. ಒಳಗೆ ಮೇಷ್ಟರುಗಳು, ಮೇಡಮ್ಮುಗಳು ಅವಲಕ್ಕಿ ತಿಂದು ಕೈ ಒರೆಸಿಕೊಳ್ಳುತ್ತಿದ್ದರು. ಯಾರ ಮುಖದಲ್ಲೂ ಭಾಷೆಯ ಬಗ್ಗೆ ಒಂದು ಚೂರು ಕಳವಳ ಇರಲಿಲ್ಲ. ಇವರಿಗೆ ಮಧ್ಯಾಹ್ನದ ಊಟವೂ ಹಾಜರಿಯೂ ಮುಖ್ಯ ಎಂದು ಒಂದೇ ನೋಟದಲ್ಲಿ ತೀರ್ಮಾನಿಸಿದ, ತೀರ್ಮಾನಿಸುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು. ಪಾಠ ಶುರುಮಾಡಿದ. ಇಂಗ್ಲಿಷರು ಹೆಸರು ಮರೆತಾಗ ಏನು ಮಾಡುತ್ತಾರೆ, ಸ್ಟಫ್ ಎಂದರೆ ರಾಶಿಗೆ, ಥಿಂಗ್ ಎಂದರೆ ಬಿಡಿಗೆ, ಥಿಂಗೀ ಎಂದರೆ ಸಲಿಗೆಗೆ. ಹೇಳುತ್ತ ಹೇಳುತ್ತ ತನ್ನ ದನಿಯಲ್ಲಿದ್ದ ತಿರಸ್ಕಾರ ತನಗೇ ಕೇಳಿಸಿತು, ಹಿತವೂ ಆಯಿತು. ಆಗ ಹಿಂದಿನ ಬೆಂಚಿನಿಂದ ಉಜ್ಜಪ್ಪ ಎದ್ದರು. ನಿವೃತ್ತಿಗೆ ಹತ್ತಿರವಾದ ಮೇಷ್ಟರು, ಬಾಯಲ್ಲಿ ಎಲೆ ಅಡಿಕೆ. "ಅಲ್ಲ ಸಾರ್, ಇದಕ್ಕೆಲ್ಲ ತರಬೇತಿ ಎಂತಕ್ಕೆ? ನಾವು ಹುಟ್ಟಿದಾಗಿಂದ ಎಂತದೋ ಅಂತ ಹೇಳ್ಕೊಂಡೇ ಬದುಕಿದೀವಿ ಮಾರಾಯ್ರೆ. ನಮಗೇ ಇಂಗ್ಲಿಷಿನವ್ರು ಫೀಸು ಕೊಡ್ಬೇಕು." ಇಡೀ ಕೋಣೆ ಗೊಳ್ಳೆಂದಿತು. ಗುರುಪ್ರಕಾಶ ತಕ್ಕ ಉತ್ತರಕ್ಕಾಗಿ ತಡಕಾಡಿದ. "ಅದಕ್ಕೇ ನಿಮ್ಮ ಶಾಲೆಯ ಫಲಿತಾಂಶವೂ ಎಂತದೋ ಒಂದು ಬರ್ತೈತೆ" ಎಂದ. ಯಾರೂ ನಗಲಿಲ್ಲ. ಉಜ್ಜಪ್ಪ ತಲೆದೂಗಿ ಕೂತರು. ಗುರುಪ್ರಕಾಶ ಕುಡಿಯಲು ನೀರು ಎತ್ತಿಕೊಂಡ.

ಊಟಕ್ಕೆ ಮುಂಚೆ ಕೈಪಿಡಿಯಲ್ಲಿದ್ದ ಒಂದು ಆಟ ಆಡಿಸಬೇಕಿತ್ತು. ಒಬ್ಬರು ಒಂದು ಚೀಟಿ ಎತ್ತುವುದು, ಅದರಲ್ಲಿರುವ ವಸ್ತುವಿನ ಹೆಸರು ಹೇಳದೆ, ಈ ಕಸದ ಮಾತುಗಳಲ್ಲೇ ವರ್ಣಿಸುವುದು, ಉಳಿದವರು ಊಹಿಸುವುದು. ಎಳೆ ಮಕ್ಕಳ ಆಟ. ಶರಣ್ಯ ಎಂಬ ಹೊಸ ಮೇಡಂ ಎದ್ದು ಬಂದಳು. ಚೀಟಿ ನೋಡಿ ನಕ್ಕು, ಮಡಿಸಿ, ಇಂಗ್ಲಿಷಿನಲ್ಲಿ ತಡವರಿಸುತ್ತ ಶುರುಮಾಡಿದಳು. ಇದೊಂದು ಥಿಂಗೀ. ಸಣ್ಣದು. ದುಂಡಗಿನ ಥರದ್ದು. ಗಟ್ಟಿ. ಬಟ್ಟೆಯ ಒಳಗಿದ್ದರೆ ಕಣ್ಣಿಗೆ ಕಾಣಲ್ಲ, ಕೈ ಇಟ್ಟರೆ ಗೊತ್ತಾಗುತ್ತದೆ, ಒತ್ತಿದರೆ ಜಾರುತ್ತದೆ. ಹೇಳುತ್ತ ಅವಳ ಬೆರಳುಗಳು ದುಪಟ್ಟಾದ ಅಂಚಿನಲ್ಲಿ ಇಲ್ಲದ ಜೇಬನ್ನು ಹುಡುಕುತ್ತಿದ್ದವು. "ಗೋಲಿ!" ಎಂದು ಯಾರೋ ಕೂಗಿದರು. "ಕನ್ನಡದಲ್ಲಿ ಹೇಳಂಗಿಲ್ರೀ, ಮಾರ್ಬಲ್ ಅನ್ನಿ" ಎಂದರು ಇನ್ನೊಬ್ಬರು. ಚಪ್ಪಾಳೆ ಬಿತ್ತು. ಗುರುಪ್ರಕಾಶ ಚಪ್ಪಾಳೆ ತಟ್ಟಲಿಲ್ಲ. ಅವನ ಕಣ್ಣ ಮುಂದೆ ಸೆರಗಿನ ಒಳಗಿನ ಬಲಗೈ ಇತ್ತು. ಕೈ ಎಡಭಾಗದಲ್ಲಿತ್ತು. ಅದು ಸುಮ್ಮನೆ ಇರಲಿಲ್ಲ, ಬೆರಳುಗಳು ಏನನ್ನೋ ಹಿಡಿದು ತೋರಿಸಲು ಕಾದಿದ್ದವು. 'ಇಲ್ಲಿ' ಎಂದು ಅವಳು ಅಂದದ್ದು ಅದಕ್ಕೇ. ಜಗತ್ತಿನಲ್ಲಿ ಅದಕ್ಕಿಂತ ಖಚಿತವಾದ ಮಾತು ಇನ್ನೊಂದಿರಲಿಲ್ಲ. ಇವನು ಕೇಳಿದ್ದ ನಾಮಪದ ಈಗ ತಾನಾಗಿಯೇ ಬಂತು: ಗಂಟು. ಅದರ ಹಿಂದೆಯೇ ಇನ್ನೊಂದು ನಾಮಪದ ಬಂದು ನಿಂತಿತು, ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ, 'ದೊಡ್ಡ ಕಾಯಿಲೆ' ಎಂದು ದನಿ ತಗ್ಗಿಸುವ ಹೆಸರು. ಅವನಿಗೆ ಹೆದರಿಕೆಯಾಯಿತು. "ಸಾರ್, ಮುಂದಿನ ಚೀಟಿ?" ಎಂದು ಶರಣ್ಯ ಕೇಳುತ್ತಿದ್ದಳು. ಹತ್ತು ನಿಮಿಷ ಬಿಡುವು ಎಂದು ಹೊರಗೆ ನಡೆದ.

ಹೊರಗೆ ಮೆಟ್ಟಿಲ ಬಳಿ ನಿಂತು ಹೆಂಡತಿಗೆ ಫೋನು ಮಾಡಿದ. ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಿದ್ದು ಪಕ್ಕದ ಮನೆಯ ಗಂಗಾಶ್ರೀ, ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿ. "ಹಲೋ, ಯಾರ್ರೀ? 'ಇವರು' ಅಂತ ಬರ್ತಾ ಐತೆ... ಓ, ಸಾರ್ ನೀವಾ!" ಅವನ ಹೆಸರು ಹೆಂಡತಿಯ ಫೋನಿನಲ್ಲಿ 'ಇವರು'. ಅದನ್ನು ನುಂಗಿಕೊಂಡು, "ಇವಳು... ಇವಳೆಲ್ಲಿ?" ಎಂದ. "ಯಾರು ಸಾರ್?" ಹೆಸರು ಹೇಳಬೇಕಿತ್ತು. ಹೆಸರು ನಾಲಿಗೆಯ ತುದಿಗೆ ಬಂದು ನಾಚಿಕೊಂಡಿತು. ಅಷ್ಟರಲ್ಲಿ ಅವಳೇ, "ಆಂಟಿನಾ? ಒಳಗೆ ಹೋಗ್ಯಾರೆ ಸಾರ್, ಡಾಕ್ಟರ ಹತ್ರ. ಮುಟ್ಟಿ ನೋಡಿ, ಸ್ಕ್ಯಾನಿಂಗೂ ಮಾಡಿದ್ರು. ಬ್ಯಾಗು ನನ್ನ ಕೈಯಾಗೈತೆ" ಎಂದಳು. "ನನಗೇಕೆ ಹೇಳಲಿಲ್ಲ?" ದನಿ ಏರಿತು. "ಹೇಳೀನಿ ಅಂದ್ರಲ್ಲ ಸಾರ್. ನಾನೂ ಕೇಳ್ದೆ, ಸಾರ್‌ಗೆ ಹೇಳೀರಾ ಆಂಟಿ ಅಂತ. ಮೊದ್ಲು ಅವರಿಗೇ ಹೇಳ್ದೆ ಕಣೇ ಅಂದ್ರು." ಹೆಂಡತಿ ಸುಳ್ಳು ಹೇಳಿರಲಿಲ್ಲ, ಅದೇ ಕಷ್ಟವಾಗಿತ್ತು.

ಬೇರೆ ಯಾವ ಗಂಡಸಾದರೂ ಚೀಲ ಎತ್ತಿಕೊಂಡು ಓಡುತ್ತಿದ್ದ. ಗುರುಪ್ರಕಾಶ ಒಳಗೆ ಹೋಗಿ ಇನ್ನೂ ಒಂದು ಪುಟ ಪಾಠ ಮಾಡಿದ. ಯಾಕೆಂದರೆ ಹೋಗಬೇಕಾದರೆ ಮಹಾಂತೇಶನಿಗೆ ಕಾರಣ ಹೇಳಬೇಕು, ಕಾರಣ ಹೇಳಬೇಕಾದರೆ ಆ ಪದ ಬಾಯಿಂದ ಬರಬೇಕು, ಇಷ್ಟು ಜನರ ಮುಂದೆ, ಹೆಂಡತಿಯ ಮೈಯ ಆ ಜಾಗದ ಹೆಸರೂ ಬರಬೇಕು. ಬೋರ್ಡಿನ ಮೇಲೆ ವಾಟ್ಸಿಟ್ ಎಂದು ಬರೆದ, ಅಕ್ಷರ ಓರೆಯಾಯಿತು, ಒರೆಸಿದ, ಮತ್ತೆ ಬರೆದ. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು ಮಹಾಂತೇಶನ ಹತ್ತಿರ ಹೋಗಿ, "ಮನೆಯಲ್ಲಿ ಸ್ವಲ್ಪ ಏನೋ..." ಎಂದ. ಅಷ್ಟೇ ಸಾಕಾಯಿತು. ಮಹಾಂತೇಶ್ ಏನು, ಯಾರಿಗೆ ಎಂದು ಕೇಳಲೇ ಇಲ್ಲ. "ಬರ್ರಿ ಸಾರ್, ನಾ ಬಿಡ್ತೀನಿ" ಎಂದು ಬೈಕು ತೆಗೆದ. ಉಜ್ಜಪ್ಪ ಎದ್ದು ಬಂದು ಅವನ ಚೀಲವನ್ನು ಕೈಗೆ ಕೊಟ್ಟರು, "ಎಂತದೂ ಆಗಲ್ಲ ಸಾರ್, ಹೋಗ್ಬನ್ನಿ" ಎಂದರು. ಎಂತದು ಎಂಬುದು ಅವರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕು ಎಂದು ಅವರಿಗೆ ಅನಿಸಿದಂತೆಯೂ ಕಾಣಲಿಲ್ಲ. ಈ ದಡ್ಡರ ಮರ್ಯಾದೆ ಅವನಿಗೆ ಸಹಿಸಲಾಗಲಿಲ್ಲ. ಥ್ಯಾಂಕ್ಸ್ ಎಂದೂ ಅನ್ನದೆ ಬೈಕು ಹತ್ತಿದ.

ವಾಪಸಿನ ಬಸ್ಸಿನಲ್ಲಿ ಅವನು ಮೊದಲು ಮಾಡಿದ ಕೆಲಸ ಸಿಟ್ಟು ಮಾಡಿಕೊಂಡದ್ದು. ಅವಳಿಗೇನು ಬಾಯಿ ಇರಲಿಲ್ಲವೇ? ಹತ್ತನೇ ಕ್ಲಾಸು ಓದಿದವಳು, ಗಂಟು ಎಂದರೆ ಏನಾಗುತ್ತಿತ್ತು? ಒಂದು ಪದ, ಎರಡು ಅಕ್ಷರ. ಈ ವಾದವನ್ನು ಅವನು ತನ್ನೊಳಗಿನ ಯಾವುದೋ ನ್ಯಾಯಾಲಯದಲ್ಲಿ ಬಹಳ ಚೆನ್ನಾಗಿ ಮಂಡಿಸಿದ, ಆದರೆ ತೀರ್ಪು ಕೊಡುವವರು ಯಾರೂ ಕಾಣಲಿಲ್ಲ. ಆ ಪದ ಹೇಳಿದರೆ ಅದು ಇದೆ ಎಂದಾಗುತ್ತದೆ. ಎಂತದೋ ಅಂದರೆ ಇದ್ದೂ ಇರದ ಹಾಗೆ, ಇಬ್ಬರೂ ಸೇರಿ ನೋಡಿ ಆಮೇಲೆ ಹೆಸರಿಡಬಹುದಾದ ಹಾಗೆ. ಅವಳು ಕೇಳಿದ್ದು ಅಷ್ಟೇ: ಬಂದು ನೋಡಿ ಎಂದು. ತೊಗರ್ಸಿಯ ಕಡೆಯ ಹೆಂಗಸರು ಕೆಲವರು ಹತ್ತಿ ಕೂತು ಯಾರದೋ ಮನೆಯ ಯಾವುದೋ ವಿಚಾರ ಮಾತಾಡಿಕೊಂಡರು, ಅದಾಯ್ತು, ಇದಾಗ್ಲಿಲ್ಲ, ಅವಳು ಹಂಗಂದ್ಲು. ಅವನು ಕಿವಿಗೊಟ್ಟು ಕೇಳಿದ. ಒಂದೂ ಅರ್ಥವಾಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಥವಾಗದವನು ಅವನೊಬ್ಬನೇ ಆಗಿದ್ದ. ಮನೆಗೆ ಹೋದ ತಕ್ಷಣ ಪಕ್ಕ ಕೂತು ಕೇಳಬೇಕು, ಅವಳು ಏನೆಂದರೂ, ಹೇಗೆಂದರೂ ಸುಮ್ಮನೆ ಕೇಳಬೇಕು, ಶಿವಮೊಗ್ಗವೋ ಮಣಿಪಾಲವೋ ತಾನೇ ಕರೆದುಕೊಂಡು ಹೋಗಬೇಕು ಎಂದು ನಿಶ್ಚಯಿಸಿದ. ಹಾಗೆ ನಿಶ್ಚಯಿಸಿದ ಮೇಲೆ ತನ್ನ ಬಗ್ಗೆ ತನಗೇ ಸ್ವಲ್ಪ ಒಳ್ಳೆಯ ಭಾವನೆ ಬಂತು. ಅಂಥ ಭಾವನೆ ಬರಲು ಅವನಿಗೆ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ.

ಮನೆ ಸೇರಿದಾಗ ಬಿಸಿಲು ಇಳಿದಿತ್ತು. ರಾಜೇಶ್ವರಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹರಿವೆ ಸೊಪ್ಪು ಸೋಸುತ್ತಿದ್ದಳು. ಬೆಳಗಿನ ಸೀರೆಯನ್ನು ಇನ್ನೂ ಬದಲಿಸಿರಲಿಲ್ಲ. ಎದುರಿಗೆ ಕೂತಿದ್ದ ಗಂಗಾಶ್ರೀ ಇವನನ್ನು ಕಂಡು ಎದ್ದು, "ಬರ್ತೀನಿ ಆಂಟಿ" ಎಂದು ಹೋದಳು. ಅವನು ಚೀಲ ಇಳಿಸಿ, ನೆಲದ ಮೇಲೆ ಅವಳ ಎದುರು ಕೂತ. ನೆಲದ ಮೇಲೆ ಕೂರುವುದು ಮರೆತುಹೋಗಿತ್ತು, ಮಂಡಿ ಲಟಕ್ ಎಂದಿತು. ಅವಳು ಆಶ್ಚರ್ಯದಿಂದ ಒಮ್ಮೆ ನೋಡಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

"ಏನಂದ್ರು ಡಾಕ್ಟ್ರು?"

"ಏನಿಲ್ಲ."

"ಏನಿಲ್ಲ ಅಂದ್ರೆ ಹೆಂಗೆ? ಹೇಳು."

"ಎಂತದೋ ಹೇಳಿದ್ರು. ಬಿಡಿ, ಕಾಫಿ ಮಾಡ್ತೀನಿ."

"ಕಾಫಿ ಬ್ಯಾಡ. ನೀ ಹೇಳು."

ಅವಳು ದಂಟಿನ ನಾರು ಎಳೆದಳು, ಬದಿಗಿಟ್ಟಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ದೂರೂ ಇರಲಿಲ್ಲ. "ಹೇಳಿದ್ರೆ ತಿದ್ತೀರಿ" ಎಂದಳು.

ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಮುಖವನ್ನು ಸರಿಯಾಗಿ ನೋಡಿದ. ಕಣ್ಣ ಕೆಳಗೆ ಕಪ್ಪಾಗಿತ್ತು. ಹೊಸದಲ್ಲ ಅದು, ಹಬ್ಬಕ್ಕೆ ಮುಂಚಿನಿಂದಲೂ ಇದ್ದಿರಬೇಕು. ಇವಳು ಇಷ್ಟು ದಿನ ಒಬ್ಬಳೇ ಹೆದರಿದ್ದಾಳೆ, ನಾನು ಪಕ್ಕದ ಕೋಣೆಯಲ್ಲೇ ಇದ್ದೆ ಎಂದುಕೊಂಡ.

"ಇಲ್ಲ. ತಿದ್ದಲ್ಲ. ಆಣೆ ಮಾಡಿ ಹೇಳ್ತೀನಿ, ತಿದ್ದಲ್ಲ. ಹೇಳು."

ಅವಳು ಬಹಳ ಹೊತ್ತು ಅವನನ್ನು ನೋಡಿದಳು. ನಂಬಲು ಅವಳಿಗೆ ಮನಸ್ಸಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಕೈಯಲ್ಲಿದ್ದ ಸೊಪ್ಪು ಮೊರಕ್ಕೆ ಹಾಕಿ, ಸೆರಗು ಸರಿಮಾಡಿಕೊಂಡು, ಸ್ವಲ್ಪ ಹತ್ತಿರ ಸರಿದು ಕೂತಳು. "ಇಲ್ಲಿ ಎಡಗಡೆ ಒಂದು ಆಗಿದೆಯಂತೆ. ಈಗ್ಲೇ ಇಂಥದ್ದೇ ಅಂತ ಹೇಳಕ್ಕೆ ಬರಲ್ವಂತೆ. ಶಿವಮೊಗ್ಗಕ್ಕೆ ಹೋಗ್ಬೇಕಂತೆ. ಅಲ್ಲಿ ಸೂಜಿ ಹಾಕಿ ಎಂತದೋ ತೆಗೀತಾರಂತೆ. ಅದೆಂತದೋ... ಬಯೋಪಿಸಿ ಅಂತೆ, ಅದನ್ನ..."

"ಬಯಾಪ್ಸಿ" ಎಂದ.

ಬಾಯಿ ಅಂದುಬಿಟ್ಟಿತ್ತು. ಅವನಿಗೆ ಕೇಳಿಸುವಷ್ಟರಲ್ಲಿ ಅವಳಿಗೂ ಕೇಳಿಸಿತ್ತು. ರಾಜೇಶ್ವರಮ್ಮ ಮೊರ ಎತ್ತಿಕೊಂಡು ಎದ್ದಳು.

"ಸೋಮವಾರ ಬರಕ್ಕೆ ಹೇಳಿದಾರೆ" ಎಂದಳು. "ನೀವು ಕಾಲೇಜಿಗೆ ಹೋಗಿ. ಗಂಗಾಶ್ರೀ ಬರ್ತಾಳೆ."